ನಾನು ಮುಚ್ಚಿಸಿದ ಬಸಿಗಾಲುವೆ

ಹೋದ ಕಾರ್ತಿಕದಲ್ಲಿ ಕೊತ್ತತ್ತಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡ ಮೇಲೂ ಮಂಡ್ಯದ ಬಸ್ಸಿಗೆ ಹೊತ್ತಿತ್ತು. ಸುಮ್ಮನೆ ನಾಲೆಯ ಏರಿಯ ಮೇಲೆ ಒಂದಷ್ಟು ದೂರ ನಡೆದೆ. ಒಂದು ಕಡೆ ಏರಿಯಿಂದ ಕೆಳಗಿಳಿದವನಿಗೆ ಎಡಗಾಲು ಕಣಕಾಲಿನವರೆಗೆ ಹೂತುಹೋಯಿತು. ಜಗ್ಗಿ ತೆಗೆದಾಗ ಆ ಕುಳಿಯಿಂದ ಒಂದು ವಾಸನೆ ಎದ್ದಿತು. ಕೊಳೆತ ಬೇರು, ಕೆಟ್ಟ ಮೊಟ್ಟೆ, ತುಕ್ಕು ಹಿಡಿದ ಕಬ್ಬಿಣ, ಮೂರೂ ಸೇರಿದ ಹಾಗೆ. ಜೌಗು ಹಿಡಿದ ನೆಲದ ವಾಸನೆ. ಜೊತೆಗೆ ಬಂದಿದ್ದವರು "ಅಯ್ಯೋ, ಚಪ್ಪಲಿ ತೊಳ್ಕೊಳ್ಳಿ ಸಾರ್" ಎಂದು ನಾಲೆಯ ಮೆಟ್ಟಿಲು ತೋರಿಸಿದರು. ನಾನು ಅಲ್ಲೇ ನಿಂತಿದ್ದೆ. ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ಅಲ್ಲಿಂದ ಹೆಚ್ಚು ದೂರವಲ್ಲದ ಇನ್ನೊಂದು ಗದ್ದೆಯಲ್ಲಿ, ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಆ ವರ್ಷದ ವಿಷಯ ನಾನು ನನ್ನ ಹೆಂಡತಿಗೂ ಪೂರ್ತಿಯಾಗಿ ಹೇಳಿಲ್ಲ.

ಆಗ ನನಗೆ ಇಪ್ಪತ್ತಮೂರು ವರ್ಷ. ಮಂಡ್ಯದಲ್ಲಿ ಪ್ರೈಮರಿ ಶಾಲೆಯ ಮೇಷ್ಟರ ಮಗನಾಗಿ ಬೆಳೆದವನು. ಗದ್ದೆ ಎಂದರೆ ಬಸ್ಸಿನ ಕಿಟಕಿಯಲ್ಲಿ ಓಡುವ ಹಸಿರು ಎಂದಷ್ಟೇ ಗೊತ್ತಿದ್ದ ನಾನು ಕೃಷಿ ಓದಿ, ಕೊತ್ತತ್ತಿಯ ಆಚೆಗಿನ ಒಂದು ಹಳ್ಳಿಗೆ ಗ್ರಾಮಸೇವಕನಾಗಿ ಹೋದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿಯವರು ಯಾರಾದರೂ ಇದನ್ನು ಓದಿದರೆ ಅವರಿಗೆ ತಿಳಿಯುತ್ತದೆ, ಅಷ್ಟು ಸಾಕು. ಒಂದು ಸೈಕಲ್ಲು, ಒಂದು ಖಾಕಿ ಚೀಲ, ಚೀಲದಲ್ಲಿ ಅಳತೆಯ ಟೇಪು, ಕರಪತ್ರಗಳು. ಹೊಸ ತಳಿಯ ಗಿಡ್ಡ ಭತ್ತ, ಸೀಮೆಗೊಬ್ಬರಗಳ ಕಾಲ ಅದು. ಪ್ರತಿ ಗ್ರಾಮಸೇವಕನೂ ತನ್ನ ವ್ಯಾಪ್ತಿಯಲ್ಲಿ ಒಂದು ಪ್ರಾತ್ಯಕ್ಷಿಕೆ ತಾಕು ಮಾಡಿ, ಸುತ್ತಲಿನವರೆಲ್ಲ ಬಂದು ಕಣ್ಣರಳಿಸುವ ಹಾಗೆ ಬೆಳೆ ತೋರಿಸಬೇಕಾಗಿತ್ತು. ನಾಲೆ ಬಂದು ಎರಡು ತಲೆಮಾರು ಕಳೆದಿದ್ದ ಊರು, ನೀರಿಗೆ ಕೊರತೆ ಇರಲಿಲ್ಲ. ನೀರು ಹೆಚ್ಚಾದರೂ ನೆಲ ಸಾಯುತ್ತದೆ ಎಂಬುದನ್ನು ನಾನು ಪುಸ್ತಕದ ಒಂದು ಪುಟದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಅಲ್ಲಿಗೆ ಅದನ್ನು ಮರೆತಿದ್ದೆ.

ತಾಕಿಗೆ ಜಾಗ ಕೊಡಲು ಮುಂದೆ ಬಂದವರು ಬೋರೇಗೌಡರು. ಊರಿನಲ್ಲಿ ಅನುಕೂಲಸ್ಥರು, ಸ್ವತಃ ಗದ್ದೆಗಿಳಿದು ದುಡಿಯುವವರು, ಮನೆಗೆ ಬಂದವರನ್ನು ಊಟ ಮಾಡಿಸದೆ ಕಳಿಸದವರು. ಅವರ ಮೂರು ಎಕರೆ ನಾಲೆಯ ಕೆಳಗೇ ಇಳಿಜಾರಿನಲ್ಲಿತ್ತು. ಆ ಮೂರು ಎಕರೆಯ ಕೆಳಅಂಚಿನಲ್ಲಿ ಆಳುದ್ದ ಆಳದ ಒಂದು ಬಸಿಗಾಲುವೆ. ಮೇಲಿನ ಗದ್ದೆಗಳಲ್ಲಿ ಕಟ್ಟಿದ ನೀರು ನೆಲದೊಳಗೆ ಇಂಗಿ ಬಸಿದು ಬರುವುದನ್ನು ಹಿಡಿದು ಹಳ್ಳಕ್ಕೆ ಸಾಗಿಸುವುದೇ ಅದರ ಕೆಲಸ. ಕಾಲುವೆಯ ಎರಡೂ ದಡದಲ್ಲಿ ಸಾಲು ಹೊಂಗೆಮರ. ಅದರ ಕೆಳಗೆ ಒಂದೂವರೆ ಎಕರೆ, ಮಾದಯ್ಯನದು.

ಮಾದಯ್ಯ ಊರಿನ ನೀರುಗಂಟಿ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ತೂಬು ತೆರೆದು ಮುಚ್ಚುವ ಕೆಲಸ ಅವನ ಅಪ್ಪನದು, ಅಜ್ಜನದು. ಆ ಒಂದೂವರೆ ಎಕರೆಯೂ ಆ ಕೆಲಸಕ್ಕಾಗಿಯೇ ಅವರ ವಂಶಕ್ಕೆ ಬಂದದ್ದು. ಐವತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಹೆಗಲಲ್ಲಿ ಟವೆಲು, ಕೈಯಲ್ಲಿ ಹಾರೆ. ಬರಿಗಾಲಲ್ಲಿ ಬದುವಿನ ಮೇಲೆ ನಡೆಯುತ್ತ, ಎಲ್ಲಿ ನೀರು ಸೋರುತ್ತಿದೆ ಎಂದು ಅಂಗಾಲಿನಲ್ಲೇ ಹೇಳುತ್ತಿದ್ದ. ವರ್ಷವರ್ಷವೂ ನಾಲೆಗೆ ನೀರು ಬಿಡುವ ಮೊದಲು ಅವನೂ ಅವನ ಹೆಂಡತಿ ದೇವೀರಮ್ಮನೂ ಸೇರಿ ಆ ಬಸಿಗಾಲುವೆಯ ಹೂಳು ತೆಗೆಯುತ್ತಿದ್ದರು. ಅದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ವರ್ಷ ಜೂನಿನಲ್ಲಿ ಗೌಡರು ನನ್ನನ್ನು ಗದ್ದೆಯ ಅಂಚಿಗೆ ಕರೆದುಕೊಂಡು ಹೋದರು.

"ನೋಡಿ, ಈ ಕೊರಕಲು ಎಷ್ಟು ಜಾಗ ತಿಂತಾ ಅದೆ. ಮರದ ನೆಳ್ಳು ಬೇರೆ, ಅದರಡೀಲಿ ಪೈರೇ ಏಳಾಕಿಲ್ಲ. ಇದ ಸಮ ಮಾಡ್ಬುಟ್ರೆ ನಿಮ್ ತಾಕು ಇನ್ನೂ ಲಕ್ಷಣವಾಗಿ ಕಾಣ್ತದೆ."

ಅವರು ಒತ್ತಾಯ ಮಾಡಲಿಲ್ಲ. ಮಾತಿಗೆ ಮಾತು ಬಂತು, ಅಂದರು. ಹಿಡಿದುಕೊಂಡವನು ನಾನು. ಟೇಪು ತೆಗೆದು ಅಳೆದೆ. ಕಣ್ಣ ಮುಂದೆ ಒಂದೇ ಚೌಕದಲ್ಲಿ, ನೆರಳಿಲ್ಲದೆ, ಒಂದೇ ಎತ್ತರಕ್ಕೆ ನಿಂತ ಭತ್ತ ಕಾಣಿಸಿತು. ಬಸಿಗಾಲುವೆ ಸರ್ಕಾರಿ ಜಾಗ, ಮುಚ್ಚಲು ತಾಲ್ಲೂಕು ಕಚೇರಿಯವರು ಒಪ್ಪಬೇಕು. ಆ ಸಂಜೆಯೇ ನಾಲ್ಕು ಸಾಲಿನ ಪತ್ರ ಬರೆದೆ: ಇದು ಹೂಳು ತುಂಬಿ ಉಪಯೋಗ ತಪ್ಪಿದ ಹಳೆಯ ಕೊರಕಲು, ನೀರಿನ ಹರಿವು ಇಲ್ಲ, ಸಮಮಾಡಿ ಸಾಗುವಳಿಗೆ ತರಲು ಯೋಗ್ಯ. ಕೆಳಗೆ ಸಹಿ. ಬಂದು ನೋಡಬೇಕಾದವರು ಬಂದು ನೋಡಲಿಲ್ಲ. ಕೃಷಿ ಓದಿದ ಹುಡುಗ ಬರೆದಿದ್ದಾನಲ್ಲ ಎಂದು ಒಪ್ಪಿದರು.

ಸುದ್ದಿ ತಿಳಿದು ಮಾದಯ್ಯ ಬಂದ. ನಾನು ಗೌಡರ ಆಳುಗಳ ಜೊತೆ ಕಾಲುವೆಯ ದಡದಲ್ಲಿ ನಿಂತಿದ್ದೆ.

"ಬುದ್ಧಿ, ಇದ ಮುಚ್ಚುಸ್ಬೇಡಿ."

"ಯಾಕಯ್ಯ? ಇದರಲ್ಲಿ ನೀರೇ ಇಲ್ಲವಲ್ಲ."

"ಈಗ ಇಲ್ಲ. ನಾಲೆ ಬುಟ್ಟು ಒಂದ್ ತಿಂಗ್ಳಾಗ್ಲಿ, ಆಮೇಕ್ ಬಂದ್ ನೋಡಿ. ಮೇಗ್ಲು ಗದ್ದೆ ನೀರು ಒಳಗೊಳಗೇ ಇಳ್ಕಂಡು ಇಲ್ಲಿಗೇ ಬತ್ತದೆ. ಇದ ಮುಚ್ಚಿದ್ರೆ ಅದು ಎಲ್ಲಿಗ್ ಓದದು? ನನ್ ಗದ್ದೆಗೇ ಬತ್ತದೆ. ಇವತ್ತು ನಂಗೆ, ನಾಕ್ ವರ್ಸ ಬುಟ್ಟು ಗೌಡ್ರಿಗೆ."

ಹಾಗೆಂದು ಹಾರೆಯಿಂದ ಕಾಲುವೆಯ ಗೋಡೆಗೆ ಒಂದು ತಿವಿತ ತಿವಿದು, "ಕೈ ಇಕ್ಕಿ ನೋಡಿ" ಎಂದ. ಬೇಸಿಗೆಯೆಲ್ಲ ಕಳೆದಿದ್ದರೂ ಒಳಗೆ ಮಣ್ಣು ತಣ್ಣಗೆ, ಒದ್ದೆಯಾಗಿತ್ತು. ನನ್ನ ಬೆರಳಿಗೆ ಅದು ಗೊತ್ತಾಯಿತು. ಆಳುಗಳು ನನ್ನ ಮುಖವನ್ನೇ ನೋಡುತ್ತಿದ್ದರು. ಓದಿದವನು ನಾನು. ಹಾರೆ ಹಿಡಿದವನು ಹೇಳಿದ್ದಕ್ಕೆ ತಲೆಯಾಡಿಸಿ ಪತ್ರ ವಾಪಸು ಪಡೆಯುವುದೇ?

"ನಿನ್ನ ಗದ್ದೆಗೆ ನೀರು ಬಂದರೆ ಒಳ್ಳೇದಲ್ವೇನಯ್ಯ? ತೂಬು ಎತ್ತೋ ಶ್ರಮಾನೂ ತಪ್ಪಿತು" ಎಂದೆ.

ಆಳುಗಳು ನಕ್ಕರು. ಮಾದಯ್ಯ ನಗಲಿಲ್ಲ, ಹಾರೆ ಎತ್ತಿಕೊಂಡು ಹೋದ.

ಹೊಂಗೆಮರಗಳನ್ನು ಮೂರು ದಿನ ಕಡಿದರು. ಕೊಂಬೆಗಳೆಲ್ಲ ಆಲೆಮನೆಯ ಒಲೆಗೆ ಹೋದವು. ಮೂರನೆಯ ದಿನ ದೇವೀರಮ್ಮ ಬಂದು, ಬಿದ್ದ ಮರಗಳ ನಡುವೆ ನಿಂತು, ಇದ್ದಬದ್ದ ಸೊಪ್ಪನ್ನು ಸೀರೆಯ ಮಡಿಲಿಗೆ ತುಂಬಿಕೊಂಡಳು. ಆ ಊರಿನ ಬಡವರ ಗದ್ದೆಗೆಲ್ಲ ಅದೇ ಗೊಬ್ಬರ. ನಾಟಿಗೆ ಮುಂಚೆ ಹೊಂಗೆಸೊಪ್ಪು ತುಳಿದು ಕೊಳೆಸುತ್ತಿದ್ದರು.

"ಮುಂದಿನ್ ವರ್ಸ ಸೊಪ್ಪ ಎಲ್ಲಿಂದ ತರ್ಲಿ ಯೋಳಿ ಸ್ವಾಮಿ" ಎಂದಳು. "ನಿಮ್ ಚೀಲದಲ್ ಅದಾ?"

ನನ್ನ ಚೀಲದಲ್ಲಿ ಸೀಮೆಗೊಬ್ಬರದ ಕರಪತ್ರವಿತ್ತು. ತೆಗೆದು ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ನಾಲೆಗೆ ನೀರು ಬಂತು. ನಾಟಿಯಾಯಿತು. ಶ್ರಾವಣದಲ್ಲಿ ಗೌಡರ ಗದ್ದೆ ನೋಡಲು ನಿಜಕ್ಕೂ ಎರಡು ಕಣ್ಣು ಸಾಲದು. ಅದರ ಕೆಳಗೆ ಮಾದಯ್ಯನ ಗದ್ದೆಯಲ್ಲಿ, ಅವನು ತೂಬಿನಿಂದ ಒಂದು ತೊಟ್ಟೂ ಬಿಟ್ಟುಕೊಳ್ಳದಿದ್ದರೂ, ನೀರು ನಿಂತಿತ್ತು. ಅವನು ಬದು ಒಡೆದು ಹೊರಗೆ ಬಿಟ್ಟ. ಬೆಳಗಾದರೆ ಮತ್ತೆ ಅಷ್ಟೇ ನೀರು. ಗದ್ದೆಯ ನಡುವೆಯೇ ಕೈಯಗಲದ ಕಾಲುವೆ ತೋಡಿದ. ಅದರ ಗೋಡೆ ಕುಸಿದು ಮುಚ್ಚಿಹೋಯಿತು. ಪೈರು ಮೊದಲು ಹಳದಿಗೆ ತಿರುಗಿತು, ಆಮೇಲೆ ಕಂದು. ದಸರೆಯ ಹೊತ್ತಿಗೆ ಒಂದು ದಿನ ಅವನು ನನ್ನನ್ನು ಕೂಗಿ ಕರೆದು, ಒಂದು ಬುಡ ಕಿತ್ತು ನನ್ನ ಕೈಯಲ್ಲಿಟ್ಟ. ಬೇರು ಕಪ್ಪಾಗಿ ಮೆತ್ತಗಾಗಿತ್ತು. ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ಆಗಲೇ.

"ಏನ್ ಮಾಡ್ಲಿ ಬುದ್ಧಿ?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ನನಗೆ ಗೊತ್ತಿರಬಹುದು ಎಂದು ನಂಬಿಯೇ ಕೇಳಿದ್ದ.

ಪುಸ್ತಕದ ಆ ಒಂದು ಪುಟ ಆಗ ನೆನಪಿಗೆ ಬಂತು. ಮಾಡಬೇಕಾದದ್ದು ಒಂದೇ, ಬಸಿಗಾಲುವೆಯನ್ನು ಮತ್ತೆ ತೆಗೆಸುವುದು. ಅಂದರೆ ತೊಡೆಯೆತ್ತರ ನಿಂತ ಗೌಡರ ಭತ್ತದ ಅಂಚನ್ನು ಅಗೆಸುವುದು, ಅಂದರೆ ನನ್ನ ನಾಲ್ಕು ಸಾಲಿನ ಪತ್ರ ತಪ್ಪು ಎಂದು ಬರೆಯುವುದು. ತಾಕಿನ ಬೆಳೆಯನ್ನು ಜನರಿಗೆ ತೋರಿಸುವ ಕ್ಷೇತ್ರೋತ್ಸವಕ್ಕೆ ಇನ್ನು ಎರಡು ತಿಂಗಳಿತ್ತು.

"ಸ್ವಲ್ಪ ಸುಣ್ಣ ಹಾಕಿ ನೋಡು" ಎಂದೆ. ಅವನು ಹಾಕಿದ. ಅದೂ ದಂಡ.

ಡಿಸೆಂಬರಿನಲ್ಲಿ ಕ್ಷೇತ್ರೋತ್ಸವ. ಗದ್ದೆಯ ಬದಿಗೆ ಶಾಮಿಯಾನ, ಬಾಳೆಕಂದು, ಮೈಕು. ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ಮಂಡ್ಯದಿಂದ ಜೀಪಿನಲ್ಲಿ ನಮ್ಮ ಮೇಲಧಿಕಾರಿಗಳು ಬಂದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಕೆಳಗಿನವರನ್ನು ಪ್ರೀತಿಯಿಂದ ಏಕವಚನದಲ್ಲಿ ಕರೆಯುವ, ಕೆಲಸ ಗೊತ್ತಿದ್ದ ಮನುಷ್ಯ. ತೆನೆ ಹಿಡಿದು ನೋಡಿ ನನ್ನ ಹೆಗಲ ಮೇಲೆ ಕೈಯಿಟ್ಟರು. ಪತ್ರಿಕೆಯವನೊಬ್ಬ ಫೋಟೋ ತೆಗೆದ. ಆಮೇಲೆ ಸಾಹೇಬರು ಗದ್ದೆಯ ಕೆಳಅಂಚಿನವರೆಗೆ ನಡೆದುಕೊಂಡು ಹೋದರು. ನಾನೂ, ಗೌಡರೂ, ಒಂದು ಹತ್ತಿಪ್ಪತ್ತು ಜನವೂ ಹಿಂದೆ ಹೋದೆವು. ಅಲ್ಲಿ, ದೊಡ್ಡವರು ನಡೆಯುವ ದಾರಿಗೆ ನೀರು ಬಾರದ ಹಾಗೆ ನೋಡಿಕೊ ಎಂದು ಹೇಳಿದ್ದರಿಂದ, ಮಾದಯ್ಯ ಹಾರೆ ಹಿಡಿದು ನಿಂತಿದ್ದ.

ಸಾಹೇಬರು ಕೆಳಗೆ ನೋಡಿದರು. ಕೊಳೆತ ಬುಡಗಳು, ಅಲ್ಲಲ್ಲಿ ಜೊಂಡು, ನಡುವೆ ಕಪ್ಪು ನೀರು.

"ಏನಯ್ಯ ಇದು? ಮೇಲೆ ಇಂಥ ಬೆಳೆ, ಕೆಳಗೆ ಈ ಗತಿ?"

ಅವರ ಕಣ್ಣು ಗದ್ದೆಯಿಂದ ನನ್ನ ಕಡೆ ತಿರುಗುವಷ್ಟು ಹೊತ್ತು ನನಗೆ ಸಿಕ್ಕಿತ್ತು. ನಿಜ ಹೇಳಲು ಅಷ್ಟು ಹೊತ್ತು ಸಾಕಾಗಿತ್ತು. ನಾನು ಹೇಳಿದ್ದು ಇದು:

"ಅವನಿಗೆ ನೀರು ಕಟ್ಟೋದು ಗೊತ್ತಿಲ್ಲ ಸಾರ್. ಎಷ್ಟು ಹೇಳಿದರೂ ಕೇಳಲಿಲ್ಲ. ನೀರು ನಿಲ್ಲಿಸಿಕೊಂಡು ಹಾಳು ಮಾಡಿಕೊಂಡ."

"ಯಾರದು ಗದ್ದೆ?"

ಹಿಂದಿನಿಂದ ಯಾರೋ, "ನಮ್ ನೀರುಗಂಟೀದೇಯ ಸಾ" ಎಂದರು.

ಸಾಹೇಬರು ನಕ್ಕುಬಿಟ್ಟರು. "ನೀರುಗಂಟಿಗೇ ನೀರು ಕಟ್ಟೋಕೆ ಬರೋಲ್ವೆ? ಚೆನ್ನಾಗಿದೆ ಕಣ್ರಯ್ಯ ನಿಮ್ಮೂರು!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾದಯ್ಯ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ನಾನು ಹೇಳಿದ್ದು ಮಾತಿನ ಅರ್ಧವಿರಬೇಕು, ಇನ್ನರ್ಧ ಈಗ ಬರುತ್ತದೆ ಎಂದು ಕಾಯುವವನ ಹಾಗೆ ನೋಡಿದ. ಅದು ಬರಲಿಲ್ಲ. ಅವನು ಹೆಗಲ ಟವೆಲನ್ನು ಕಂಕುಳಿಗೆ ಇಳಿಸಿಕೊಂಡು, ಸಾಹೇಬರು ಹೋಗಲೆಂದು ಬದುವಿನಿಂದ ಕೆಳಗೆ, ತನ್ನ ಗದ್ದೆಯ ಕೆಸರಿಗೆ ಇಳಿದು ನಿಂತ.

ಪತ್ರಿಕೆಯಲ್ಲಿ ಫೋಟೋ ಬಂತು. ನಮ್ಮಪ್ಪ ಅದನ್ನು ಕತ್ತರಿಸಿ, ಹಿಟ್ಟಿನ ಅಂಟು ಮಾಡಿ, ನಡುಮನೆಯ ಗೋಡೆಗೆ ಅಂಟಿಸಿದರು. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಊರಿನಲ್ಲಿ ಆ ನಗು ನಗುವಾಗಿಯೇ ಉಳಿಯಲಿಲ್ಲ. ಸುಗ್ಗಿ ಮುಗಿದ ಮೇಲೆ ಪಂಚಾಯ್ತಿ ಕಟ್ಟೆಯಲ್ಲಿ ಮಾತು ಬಂತು. ಮಾದಯ್ಯ ಯಾರಿಗೂ ಹೆಚ್ಚುಕಮ್ಮಿ ಮಾಡದೆ ನೀರು ಬಿಡುತ್ತಿದ್ದುದು ಕೆಲವರಿಗೆ ಮೊದಲಿನಿಂದಲೂ ಕಣ್ಣುರಿ. ಅವರಿಗೆ ಈಗ ನೆಪ ಸಿಕ್ಕಿತು. "ಮಂಡ್ಯದ ಸಾಯೇಬ್ರೇ ಅಂದವ್ರೆ, ಇವ್ನಿಗೆ ನೀರ್ ಕಟ್ಟಾಕ್ ಬರಾಕಿಲ್ಲ ಅಂತವ" ಎಂದರು. ತೂಬಿನ ಕೀಲಿಯನ್ನು ಅವನಿಂದ ಈಸಿಕೊಂಡು ಬೇರೆಯವನಿಗೆ ಕೊಟ್ಟರು. ನಾನು ಕಟ್ಟೆಯ ಹಿಂದಿನ ಓಣಿಯಲ್ಲಿ ಸೈಕಲ್ಲು ಹಿಡಿದು ನಿಂತು ಎಲ್ಲ ಕೇಳಿಸಿಕೊಂಡೆ. ಒಳಗೆ ಹೋಗಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಕೆಳಗಿನ ಗದ್ದೆಯ ನೀರು ಆರುತ್ತ ಬಂದ ಹಾಗೆ ನೆಲದ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಚೌಳು ಎದ್ದಿತು. ಒಳಗಿನ ಉಪ್ಪೆಲ್ಲ ನೀರಿನ ಜೊತೆ ಮೇಲಕ್ಕೆ ಬಂದಿತ್ತು. ಒಂದು ಬೆಳಗ್ಗೆ ನಾನು ಆ ದಾರಿಯಲ್ಲಿ ಹೋಗುವಾಗ ಇಬ್ಬರು ಅಗಸರು ಕುಳಿತು, ಬಟ್ಟೆ ಒಗೆಯಲೆಂದು ಆ ಚೌಳುಮಣ್ಣನ್ನು ಗೋರಿ ಗೋರಿ ಚೀಲಕ್ಕೆ ತುಂಬುತ್ತಿದ್ದರು. ದೇವೀರಮ್ಮ ಬದುವಿನ ಮೇಲೆ ಕುಳಿತಿದ್ದಳು. ನಾನು ತಲೆ ತಗ್ಗಿಸಿಕೊಂಡು ಹೋಗುವುದರಲ್ಲಿದ್ದೆ.

"ಬನ್ನಿ ಸ್ವಾಮಿ, ನಿಂತ್ಕಳಿ" ಎಂದಳು. "ನಮ್ ಗದ್ದೆಲೂ ಬೆಳೆ ಬಂದದೆ ನೋಡಿ. ಅಗಸ್ರು ಕುಯ್ಕಂಡ್ ಓಯ್ತಾವ್ರೆ. ಪಟ ತಗ್ಯೋರ್ನ ಕರೀರಿ."

ಅಗಸರು ಕೈ ನಿಲ್ಲಿಸಿದರು. ಸೈಕಲ್ಲು ಹತ್ತಲು ಹೋಗಿ ಪೆಡಲು ತಪ್ಪಿ ಮೊಣಕಾಲು ತರಚಿತು. ಅವಳು ನಗಲಿಲ್ಲ.

ಆ ದಿನ ರೂಮಿಗೆ ಬಂದು ವರದಿ ಬರೆಯಲು ಕುಳಿತೆ. "ನಾನು ಈ ಹಿಂದೆ ಬರೆದ ಪತ್ರದಲ್ಲಿ" ಎಂಬಲ್ಲಿಗೆ ನಿಂತೆ. ಹಾಳೆ ಬದಲಿಸಿ "ಸದರಿ ಗ್ರಾಮದಲ್ಲಿ ಬಸಿಗಾಲುವೆಯೊಂದು ಮುಚ್ಚಲ್ಪಟ್ಟಿದ್ದು" ಎಂದು ಬರೆದೆ. ಯಾರು ಮುಚ್ಚಿದರು ಎಂದು ಹೇಳದೆ ಬರೆಯಲು ಕನ್ನಡದಲ್ಲಿ ಎಷ್ಟು ಅನುಕೂಲವಿದೆ! ಆದರೆ ಓದಿದವರು ಕೇಳಿಯೇ ಕೇಳುತ್ತಾರೆ, ಯಾರ ಪತ್ರದ ಮೇಲೆ ಎಂದು. ಎರಡೂ ಹಾಳೆ ಹರಿದೆ. ಒಂದು ನೆಲ ಆಗುವುದಕ್ಕೆ ಎಷ್ಟು ಕಾಲ ಬೇಕು ಎಂದು ನಾನು ರೈತರಿಗೆ ಭಾಷಣದಲ್ಲಿ ಹೇಳುತ್ತಿದ್ದೆ. ಅದು ಕೆಡಲು ಒಂದು ಮಳೆಗಾಲ ಸಾಕು, ಕೆಡಿಸಿದವನು ಬಾಯಿ ಮುಚ್ಚಿಕೊಂಡಿದ್ದರೆ ಕೆಟ್ಟೇ ಉಳಿಯುತ್ತದೆ ಎಂಬುದನ್ನು ಹೇಳುತ್ತಿರಲಿಲ್ಲ.

ಯುಗಾದಿ ಆದ ಮೇಲೆ ಮಾದಯ್ಯನ ಮನೆಗೆ ಬೀಗ ಬಿತ್ತು. ದೇವೀರಮ್ಮನ ತವರು ಬೆಳಕವಾಡಿ, ಅಲ್ಲಿಗೆ ಕೂಲಿಗೆ ಹೋದರು ಎಂದರು. ಮೇ ತಿಂಗಳಲ್ಲಿ ನನಗೆ ಮದ್ದೂರಿಗೆ ವರ್ಗವಾಯಿತು. ಹೆಚ್ಚಿನ ಜವಾಬ್ದಾರಿ, ಹೆಚ್ಚಿನ ಊರುಗಳು. ಆ ಫೋಟೋದ ಫಲ. ಬೀಳ್ಕೊಡುವ ದಿನ ಗೌಡರು ಹಾರ ಹಾಕಿ, ಒಂದು ಪೆಟ್ಟಿಗೆ ಅಚ್ಚುಬೆಲ್ಲ ಕೊಟ್ಟು, ಆಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ನಮ್ ಗದ್ದೆ ಕೆಳಗ್ಲು ಬದೀಲೂ ಕಾಲು ಊತ್ಕತಾ ಅದೆ ಕಣ್ರಿ. ಏನಾದ್ರೂ ಆದದಾ?"

"ಹೋದ ಸಲ ಮಳೆ ಜಾಸ್ತಿ ಆಯಿತಲ್ಲ, ಅದಕ್ಕೆ" ಎಂದೆ. ಅವರು ನಂಬಿದರು. ಮುಂದೆ ಐದಾರು ವರ್ಷಕ್ಕೆ ಯಾವುದೋ ಇಲಾಖೆಯವರು ಬಂದು ಆ ಬಸಿಗಾಲುವೆಯನ್ನು ಮತ್ತೆ ತೋಡಿದರಂತೆ. ಅಷ್ಟರಲ್ಲಿ ಗೌಡರ ಅರ್ಧ ಗದ್ದೆ ಜೊಂಡಿಗೆ ಹೋಗಿತ್ತು, ಮಾದಯ್ಯನದರಲ್ಲಿ ಜೊಂಡೂ ಬೆಳೆಯುತ್ತಿರಲಿಲ್ಲವಂತೆ.

ಮದ್ದೂರಿಗೆ ಹಾಜರಾಗುವ ಹಿಂದಿನ ದಿನ ಬೆಳಗ್ಗೆಯೇ ಎದ್ದು ಮಳವಳ್ಳಿಯ ಬಸ್ಸು ಹತ್ತಿದೆ, ಅಲ್ಲಿಂದ ಬೆಳಕವಾಡಿಗೆ. ಯಾಕೆ ಹೊರಟೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಅವನು ನಾಲ್ಕು ಮಾತು ಬೈದರೆ ಹಗುರವಾಗಬಹುದು ಎಂದುಕೊಂಡಿರಬೇಕು. ಕೇಳಿಕೊಂಡು ಹೋದರೆ ಯಾರದೋ ಬಾಳೆತೋಟದಲ್ಲಿ ಪಾತಿ ಮಾಡುತ್ತಿದ್ದ. ನನ್ನನ್ನು ಕಂಡು ಗುದ್ದಲಿ ಕೆಳಗಿಟ್ಟು, ಟವೆಲಿನಿಂದ ಕಲ್ಲೊಂದನ್ನು ಒರೆಸಿ ಕೂರಿಸಿದ. ತಾನು ನೆಲದ ಮೇಲೆ ಕುಳಿತ.

ಎಲ್ಲ ಹೇಳಿದೆ. ಪತ್ರ ಬರೆದದ್ದು ನಾನೇ ಎಂದು, ಅವನು ಹಾರೆ ತಿವಿದು ತೋರಿಸಿದ ದಿನವೇ ನನಗೆ ಅನುಮಾನ ಬಂದಿತ್ತೆಂದು, ದಸರೆಯ ಹೊತ್ತಿಗೆ ಪೂರ್ತಿ ಗೊತ್ತಾಗಿತ್ತೆಂದು, ಗೊತ್ತಿದ್ದೂ ಸಾಹೇಬರ ಮುಂದೆ ಸುಳ್ಳು ಹೇಳಿದೆನೆಂದು. ಅವನು ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತ ಕೇಳಿದ.

"ಇದೆಲ್ಲ ನಂಗ್ ಗೊತ್ತಿರೋದೇ ಅಲ್ವಾ ಬುದ್ಧಿ" ಎಂದ ಕೊನೆಗೆ.

"ತಪ್ಪಾಯ್ತು ಮಾದಯ್ಯ."

"ಗೊತ್ತಿರೋನ್ಗೆ ಯೋಳಾಕೆ ಇಷ್ಟ್ ದೂರ ಬಂದಿದೀರಿ. ಗೊತ್ತಿಲ್ದೋರ್ಗೆ ಯೋಳಿ. ಅವತ್ತು ಆ ಸಾಯೇಬ್ರ ಮುಂದೆ ಅಂದ್ರಲ್ಲ, ಅವ್ರ್ ಮುಂದೇನೇ ಯೋಳಿ. ಗದ್ದೆ ಓದ್ರೆ ಓಗ್ಲಿ ಬುಡಿ, ಅದ್ನ ಈಗ ಯಾರೂ ಸರಿಮಾಡಾಕಾಗಾಕಿಲ್ಲ. ಮಾದಯ್ಯಂಗೆ ನೀರ್ ಕಟ್ಟಾಕೆ ಬತ್ತದೆ ಅನ್ನಿ. ಅಷ್ಟ್ ಸಾಕು."

"ಇವತ್ತೇ ಹೇಳ್ತೀನಿ. ಇಲ್ಲಿಂದ ನೇರ ಅವರ ಮನೆಗೇ ಹೋಗ್ತೀನಿ" ಎಂದೆ. ಹಾಗೆನ್ನುವಾಗ ಅದು ಸುಳ್ಳಾಗಿರಲಿಲ್ಲ.

ಅವನು ರಸ್ತೆಯವರೆಗೂ ಬಂದ. ಬಸ್ಸು ನಿಲ್ಲುವ ಜಾಗವಲ್ಲ ಅದು. ಅವನೇ ನಡುರಸ್ತೆಗೆ ಹೋಗಿ ಟವೆಲು ಬೀಸಿ ನಿಲ್ಲಿಸಿ, ನನ್ನನ್ನು ಹತ್ತಿಸಿದ.

ಸಂಜೆ ಐದರ ಹೊತ್ತಿಗೆ ಮಂಡ್ಯದಲ್ಲಿ ಇಳಿದು ಸಾಹೇಬರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಒಂದಕ್ಷರವೂ ಮರೆತಿರಲಿಲ್ಲ. ಅವರು ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. "ಓಹೋ, ಬಾರಯ್ಯ ಬಾ!" ಎಂದು ಎದ್ದೇ ಬಂದರು. ಒಳಗೆ ಕೂಗಿ ಕಾಫಿ ತರಿಸಿದರು. ಅವರ ಹೆಂಡತಿ ತಟ್ಟೆಯಲ್ಲಿ ಕೋಡುಬಳೆ ತಂದಿಟ್ಟಾಗ, "ಇವನೇ ಕಣೇ, ನಾನು ಹೇಳ್ತಿದ್ದೆನಲ್ಲ, ಆ ಹುಡುಗ. ಹೊಲಗದ್ದೆ ಕಂಡಿಲ್ಲದ ಮೇಷ್ಟರ ಮಗ, ಹೇಗೆ ಕೆಲಸ ಮಾಡಿದಾನೆ ನೋಡು" ಎಂದರು. ಆಕೆ ನನ್ನನ್ನು ನೋಡಿ ಮಕ್ಕಳನ್ನು ನೋಡುವ ಹಾಗೆ ನಕ್ಕರು.

"ಏನು ಬಂದದ್ದು? ಏನಾದರೂ ವಿಷಯ ಇತ್ತೇ?" ಎಂದು ಸಾಹೇಬರು ಕೇಳಿದರು.

ನಾನು ಕಾಫಿಯ ಲೋಟ ಕೆಳಗಿಟ್ಟೆ.

"ಏನಿಲ್ಲ ಸಾರ್. ನಾಳೆ ಮದ್ದೂರಿಗೆ ಹೋಗ್ತಾ ಇದೀನಿ. ಒಂದು ನಮಸ್ಕಾರ ಹೇಳಿ ಹೋಗೋಣ ಅಂತ ಬಂದೆ."

ಬಾಗಿ ನಮಸ್ಕಾರ ಮಾಡಿದೆ. ಅವರು ಬೆನ್ನು ತಟ್ಟಿದರು.